ಅಂಚಿನಿಂದ ಎರಡು ಮೊಳ

ನಾನು ಸೈಕಲ್ಲಿನಿಂದ ಬಿದ್ದದ್ದು ಶಿರಸಿಯ ಹುಲೇಕಲ್ ರಸ್ತೆಯಲ್ಲಿ. ಬೆಳಿಗ್ಗೆ ಒಂಬತ್ತರ ಹೊತ್ತು. ಮಳೆ ಇಲ್ಲ, ಮಂಜಿಲ್ಲ, ರಸ್ತೆ ನೇರ. ಹಿಂದಿನಿಂದ ಬಸ್ಸಿನ ಹಾರನ್ ಕೇಳಿತು. ದೊಡ್ಡ ಗಾಡಿಗೆ ದಾರಿ ಬಿಡಬೇಕು ಅಂತ ಚಿಕ್ಕಂದಿನಿಂದ ಕಲಿತವನು ನಾನು. ಮೊದಲೇ ಅಂಚಿನಲ್ಲಿದ್ದವನು ಇನ್ನೂ ಸ್ವಲ್ಪ ಎಡಕ್ಕೆ ಸರಿದೆ. ಚಕ್ರ ಡಾಂಬರು ಬಿಟ್ಟು ಮಣ್ಣಿಗೆ ಇಳಿಯಿತು. ಅಲ್ಲಿ ಡಾಂಬರಿಗಿಂತ ಮಣ್ಣು ನಾಲ್ಕು ಬೆರಳು ತಗ್ಗು.

ಬಸ್ಸು ನನ್ನನ್ನು ಮುಟ್ಟಲೂ ಇಲ್ಲ, ದಾಟಿ ಹೋಯಿತು. ನಾನು ಮೆಲ್ಲಗೆ ಹ್ಯಾಂಡಲ್ ಬಲಕ್ಕೆ ತಿರುಗಿಸಿ ಮತ್ತೆ ಡಾಂಬರು ಹತ್ತಲು ನೋಡಿದೆ. ತಪ್ಪಾದದ್ದು ಅಲ್ಲೇ. ಚಕ್ರ ಹತ್ತಲಿಲ್ಲ, ಅಂಚಿಗೆ ಉಜ್ಜಿಕೊಂಡೇ ಹೋಯಿತು. ಮೈ ಮಾತ್ರ ಬಲಕ್ಕೆ ವಾಲಿತು. ಬಲಗೈ ಊರಿ ಬಿದ್ದೆ, ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್.

"ಸ್ಕೂಟ್ರು ಮನೆಲಿ ಸುಮ್ನೆ ನಿಂತಿದ್ದು, ನಿಂಗೆ ಎಂತಕ್ಕೆ ಬೇಕಾಗಿತ್ತು ಇದು?" ಅಂದಳು ಆಯಿ. ಉತ್ತರ ಇರಲಿಲ್ಲ. ನಲವತ್ತಾರನೇ ವಯಸ್ಸಿಗೆ ಸಕ್ಕರೆ ಗಡಿಯಲ್ಲಿದೆ ಅಂತ ಡಾಕ್ಟರು ಹೇಳಿದ್ದರು. ಮನೆಯಿಂದ ಶಿರಸಿ ಪೇಟೆಗೆ ಒಂಬತ್ತು ಕಿಲೋಮೀಟರ್. ಸಹಕಾರಿ ಸಂಘದ ಗುಮಾಸ್ತನಿಗೆ ಹೋಗಿ ಬರಲು ಸೈಕಲ್ ಸಾಕು ಅಂತ ಶುರು ಮಾಡಿ ಐದು ತಿಂಗಳಾಗಿತ್ತು ಅಷ್ಟೆ. ಆಫೀಸಿನಲ್ಲೇ ಒಂದು ಅಂಗಿ, ಒಂದು ಟವೆಲ್ಲು ಇಟ್ಟುಕೊಂಡಿದ್ದೆ. ಬೆವರಿನ ಸಮಸ್ಯೆ ಅಲ್ಲಿಗೆ ಮುಗಿದಿತ್ತು.

ಪ್ಲಾಸ್ಟರ್ ಹಾಕಿಕೊಂಡು ಕೂತಿದ್ದಾಗ ನಮ್ಮೂರಿನ ಒಬ್ಬ ಲಾರಿ ಡ್ರೈವರ್ ನೋಡಲು ಬಂದ. ಹಾಲಕ್ಕಿ ಒಕ್ಕಲಿಗರವನು, ನನಗಿಂತ ಚಿಕ್ಕವನು, ಕುಮಟಾ ಘಟ್ಟವನ್ನು ವಾರಕ್ಕೆ ಮೂರು ಸಲ ಹತ್ತಿ ಇಳಿಯುವವನು. ನನ್ನ ಕಥೆ ಕೇಳಿ ಅಂಗಳದ ಹೊರಗೆ ನಿಲ್ಲಿಸಿದ್ದ ಲಾರಿಗೆ ನನ್ನನ್ನು ಹತ್ತಿಸಿದ. ಡ್ರೈವರ್ ಸೀಟಿನಲ್ಲಿ ಕೂರಿಸಿ, ತಾನು ಕೆಳಗಿಳಿದು ನನ್ನ ಸೈಕಲ್ ತಳ್ಳಿಕೊಂಡು ಎಲ್ಲೋ ಹೋದ.

"ಹೆಗಡೇರೆ, ಈಗ ನಿಮ್ಮ ಸೈಕಲ್ ಎಲ್ಲಿದೆ ಹೇಳಿ ನೋಡುವಾ."

ಕನ್ನಡಿಯಲ್ಲಿ ಹುಡುಕಿದೆ, ಇಲ್ಲ. ಕಿಟಕಿಯಲ್ಲಿ ಬಗ್ಗಿದೆ, ಇಲ್ಲ. ಕೆಳಗಿಳಿದು ನೋಡಿದರೆ ಅದು ಎಡಗಡೆ ಬಾಗಿಲಿನ ಪಕ್ಕದಲ್ಲೇ ಇತ್ತು, ಮುಂದಿನ ಚಕ್ರಕ್ಕೆ ತಾಗಿದ ಹಾಗೆ. ಎಡಕ್ಕೆ, ಕೆಳಕ್ಕೆ ಅಷ್ಟು ಜಾಗ ಡ್ರೈವರಿಗೆ ಕಾಣುವುದೇ ಇಲ್ಲ. ಅಂಚಿಗೆ ಅಂಟಿಕೊಂಡು ಹೋದರೆ ಅವನ ದಾರಿ ಬಿಟ್ಟಿದ್ದೇನೆ ಅಂತ ನಾನು ತಿಳಿದಿದ್ದೆ. ಅವನ ಕಣ್ಣಿನಿಂದಲೂ ಹೊರಗೆ ಹೋಗಿದ್ದೆ.

ಆವತ್ತಿನಿಂದ ನಾನು ಇಟ್ಟುಕೊಂಡ ಲೆಕ್ಕ ಒಂದೇ. ಡಾಂಬರಿನ ಅಂಚಿನಿಂದ ಎರಡು ಮೊಳ ಒಳಗೆ. ಅಂದರೆ ಸುಮಾರು ಮೂರಡಿ. ಹಾಗೆ ಹೋದರೆ ಗುಂಡಿಯೋ ಕಲ್ಲೋ ಬಂದಾಗ ಎಡಕ್ಕೆ ತಪ್ಪಿಸಿಕೊಳ್ಳಲು ಜಾಗ ಇರುತ್ತದೆ. ನಮ್ಮ ಕಡೆಯ ರಸ್ತೆಯ ಅಂಚಿನಲ್ಲಿ ಇರುವುದೇ ಅದು ತಾನೇ? ಜಲ್ಲಿ, ದರಕು ಅಂದರೆ ಒಣಗಿದ ಎಲೆ, ಮಳೆಗಾಲದಲ್ಲಿ ಪಾಚಿ.

ಹೇಳುವುದು ಸುಲಭ. ಮೊದಲ ವಾರ ಬೆನ್ನು ಬಿಗಿಹಿಡಿದು ಹೋದೆ. ಹಾರನ್ ಜಾಸ್ತಿಯಾಯಿತು, ಬೈಗುಳವೂ ಸಿಕ್ಕಿತು. ಆದರೆ ಎರಡನೇ ವಾರ ಒಂದು ಸಂಗತಿ ಗಮನಕ್ಕೆ ಬಂತು. ಅಂಚಿನಲ್ಲಿ ಹೋಗುವಾಗ ಎದುರಿನಿಂದ ಗಾಡಿ ಬರುತ್ತಿದ್ದರೂ ಹಿಂದಿನವರು ನನ್ನ ಪಕ್ಕದಲ್ಲೇ ತೂರಿಕೊಂಡು ಹೋಗುತ್ತಿದ್ದರು. ಕೈಗೆ ಕನ್ನಡಿ ತಾಗುವಷ್ಟು ಹತ್ತಿರ. ಎರಡು ಮೊಳ ಒಳಗೆ ಬಂದ ಮೇಲೆ ತೂರಲು ಜಾಗ ಸಾಲುವುದಿಲ್ಲ. ಎದುರಿನ ಗಾಡಿ ಹೋಗುವವರೆಗೆ ಕಾಯುತ್ತಾರೆ, ಆಮೇಲೆ ಪೂರ್ತಿ ಬಲಕ್ಕೆ ಹೋಗಿ ದಾಟುತ್ತಾರೆ. ಹಾರನ್ ಹೊಡೆದವನು ನನ್ನನ್ನು ಕಂಡಿದ್ದಾನೆ ಅಂತಲೂ ಅರ್ಥ ಅಲ್ವಾ? ನನಗೆ ಈಗ ಹೆದರಿಕೆ ಹಾರನ್ ಹೊಡೆಯದವರದ್ದು.

ಹಾಗಂತ ಹಟ ಮಾಡಬಾರದು. ರಸ್ತೆ ನೇರ ಇದ್ದು, ಎದುರು ಖಾಲಿ ಇದ್ದರೆ ನಾನೇ ಎಡಕ್ಕೆ ಸರಿದು ಕೈ ತೋರಿಸಿ ಕಳಿಸುತ್ತೇನೆ. ತಿರುವಿನಲ್ಲಿ ಮಾತ್ರ ಬಿಡುವುದಿಲ್ಲ. ಅಲ್ಲಿ ದಾಟಿದರೆ ಅವನಿಗೂ ಅಪಾಯ, ನನಗೂ ಅಪಾಯ.

ಇದಕ್ಕೆ ಹಿಂದೆ ತಿರುಗಿ ನೋಡಲು ಬರಬೇಕು. ಸುಮ್ನೆ ಪ್ರಯತ್ನಿಸಿ ನೋಡಿ, ಬಲಕ್ಕೆ ಕತ್ತು ತಿರುಗಿಸಿದ ಕೂಡಲೇ ಸೈಕಲ್ಲೂ ಬಲಕ್ಕೆ ಎಳೆಯುತ್ತದೆ. ಊರ ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆಯ ಮೇಲೆ ಅಭ್ಯಾಸ ಮಾಡಿದೆ. ಹೆಂಡತಿ ಹಿಂದೆ ನಿಂತು ಬೆರಳು ತೋರಿಸುವುದು, ನಾನು ಗೆರೆ ತಪ್ಪದೆ ತಿರುಗಿ ನೋಡಿ ಎಷ್ಟು ಬೆರಳು ಅಂತ ಕೂಗುವುದು. ಮೊದಲ ದಿನ ಹತ್ತರಲ್ಲಿ ಏಳು ಸಲ ಗೆರೆ ಬಿಟ್ಟೆ. ಹದಿನೈದು ದಿನ ಬೇಕಾಯಿತು. ಶಾಲೆಯ ಮಕ್ಕಳಿಗೆ ಒಳ್ಳೆ ಮನರಂಜನೆ. ಅಲ್ಲೇ ಡಾಂಬರು ಹತ್ತುವುದನ್ನೂ ಕಲಿತೆ. ಚಕ್ರ ಇಳಿದರೆ ಕೂಡಲೇ ತಿರುಗಿಸಬಾರದು. ಮಣ್ಣಿನಲ್ಲೇ ನೇರ ಹೋಗಿ, ನಿಧಾನ ಮಾಡಿ, ನಿಂತು ಎತ್ತಿ ಇಟ್ಟುಕೊಳ್ಳುವುದೇ ಕ್ಷೇಮ. ಹತ್ತಲೇಬೇಕು ಅಂದರೆ ಅಂಚಿಗೆ ಅಡ್ಡಲಾಗಿ, ಮೆಟ್ಟಿಲು ಹತ್ತಿಸಿದ ಹಾಗೆ.

ಹೆಲ್ಮೆಟ್ ಬಗ್ಗೆ ಎರಡು ಮಾತು. ಕಾನೂನು ಕಡ್ಡಾಯ ಮಾಡಿರುವುದು ಬೈಕಿನವರಿಗೆ, ಸೈಕಲ್ಲಿಗಲ್ಲ. ಆದರೂ ನಾನು ಹಾಕುತ್ತೇನೆ, ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು, ಪಟ್ಟಿ ಬಿಗಿದು. ಬಿದ್ದ ದಿನ ಹಾಕಿದ್ದ ಹೆಲ್ಮೆಟ್ಟು ಹೊರಗೆ ಚೆನ್ನಾಗಿಯೇ ಕಾಣುತ್ತಿತ್ತು, ಎಸೆದೆ. ಒಳಗಿನ ಥರ್ಮೊಕೋಲಿನಂಥ ಪದರ ಒಂದು ಸಲ ಪೆಟ್ಟು ತಿಂದರೆ ಮತ್ತೆ ಕೆಲಸಕ್ಕಿಲ್ಲ. ಹಿಂದೆ ಕೆಂಪು ದೀಪ ಹಗಲಲ್ಲೂ ಉರಿಯುತ್ತದೆ, ನಮ್ಮ ಮಂಜಿಗೆ ಅದು ಬೇಕು. ಕಾಲಿನ ಗಂಟಿಗೆ ಹೊಳೆಯುವ ಪಟ್ಟಿ ಕಟ್ಟುತ್ತೇನೆ. ಅದು ಮೇಲೆ ಕೆಳಗೆ ಆಡುವುದರಿಂದ ಬರುತ್ತಿರುವುದು ಮನುಷ್ಯ ಅಂತ ದೂರದಿಂದಲೇ ಗೊತ್ತಾಗುತ್ತದೆ.

ಇಷ್ಟಾದ ಮೇಲೆ ತಲೆಗೆ ಹೊಕ್ಕಿದ್ದು ಕುಮಟಾ. ಶಿರಸಿಯಿಂದ ಸುಮಾರು 60 ಕಿಲೋಮೀಟರ್. ಶಿರಸಿ ಸಮುದ್ರಕ್ಕಿಂತ ಸುಮಾರು 600 ಮೀಟರ್ ಎತ್ತರ, ಕುಮಟಾ ಸಮುದ್ರದ ದಂಡೆ. ನಡುವೆ ದೇವಿಮನೆ ಘಟ್ಟ. ಇಳಿದು, ಚಹಾ ಕುಡಿದು, ಅದೇ ದಿನ ಹತ್ತಿ ಬರಬೇಕು.

ತಯಾರಿಗೆ ಐದು ತಿಂಗಳು ಕೊಟ್ಟೆ. ವಾರದ ದಿನ ಆಫೀಸಿಗೆ ಹೋಗಿ ಬರುವ 18 ಕಿಲೋಮೀಟರೇ ತಾಲೀಮು. ಭಾನುವಾರ ದೂರ. 30ರಿಂದ ಶುರು ಮಾಡಿ ವಾರಕ್ಕೆ ಮೂರೋ ನಾಲ್ಕೋ ಕಿಲೋಮೀಟರ್ ಏರಿಸುತ್ತಾ ಹೋದೆ, ನಾಲ್ಕನೇ ವಾರ ಇಳಿಸಿ ಕಾಲಿಗೆ ವಿಶ್ರಾಂತಿ. ಬನವಾಸಿಗೆ ಹೋಗಿ ಮಧುಕೇಶ್ವರನಿಗೆ ಕೈಮುಗಿದು ಬರುವುದು ಎಷ್ಟು ಸಲ ಆಯಿತೋ. ದೂರದ ದಿನ ಮಾತಾಡಲು ಬರುವಷ್ಟೇ ಜೋರು, ಇದೊಂದೇ ನಿಯಮ. ಒಂದು ಪೂರ್ತಿ ವಾಕ್ಯ ಹೇಳುವುದರೊಳಗೆ ಉಸಿರು ಕಟ್ಟಿದರೆ ನಿಧಾನ ಮಾಡುತ್ತಿದ್ದೆ. ಎದೆಬಡಿತದ ಗಡಿಯಾರ ಕೊಳ್ಳಲಿಲ್ಲ. ಮೊಣಕಾಲು ನೋವು ಬಂದಾಗ ಸೀಟು ನೋಡಿಕೊಂಡೆ, ತುಂಬಾ ತಗ್ಗಿತ್ತು. ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು. ಅಷ್ಟು ಏರಿಸಿದ ಮೇಲೆ ನೋವು ಹತ್ತು ದಿನದಲ್ಲಿ ಹೋಯಿತು.

ಕಾಲಿಗಿಂತ ಕಷ್ಟ ಆದದ್ದು ಇಳಿಯುವುದು. ಮೊದಲ ಸಲ ಬರೀ ಘಟ್ಟ ಇಳಿದು ನೋಡೋಣ ಅಂತ ಹೋದೆ, ವಾಪಸ್ಸಿಗೆ ಆ ಡ್ರೈವರನ ಲಾರಿ. ಮೇಲಿನಿಂದ ಎರಡೂ ಬ್ರೇಕ್ ಸಣ್ಣಗೆ ಹಿಡಿದುಕೊಂಡೇ ಇಳಿದೆ. ಅರ್ಧ ದಾರಿಗೆ ಬೆರಳು ಮರಗಟ್ಟಿತು, ರಬ್ಬರ್ ಸುಟ್ಟ ವಾಸನೆ ಬಂತು. ನಿಂತು ರಿಮ್ಮು ಮುಟ್ಟಿದೆ, ಚುರ್ ಅಂತು. ರಾತ್ರಿ ಕೂತು ಲೆಕ್ಕ ಹಾಕಿದೆ. ನಾನು, ಸೈಕಲ್, ಚೀಲ ಸೇರಿ 90 ಕಿಲೋ. 400 ಮೀಟರ್ ಎತ್ತರ ಇಳಿದರೆ ಅಷ್ಟೂ ಶಕ್ತಿ ಒಂದು ಲೀಟರ್ ತಣ್ಣೀರು ಕುದಿ ಬರಿಸುವಷ್ಟು. ಅದರಲ್ಲಿ ಗಾಳಿ ಸ್ವಲ್ಪ ತಿನ್ನುತ್ತದೆ, ಉಳಿದದ್ದು ರಿಮ್ಮಿಗೆ. ನಾನು ನಿಧಾನ ಹೋದಷ್ಟೂ ಗಾಳಿಯ ಪಾಲು ಕಮ್ಮಿ, ರಿಮ್ಮಿನ ಪಾಲು ಜಾಸ್ತಿ. ರಿಮ್ಮು ತೀರಾ ಕಾದರೆ ಟ್ಯೂಬು ಒಡೆಯಬಹುದು.

ಹಾಗಾಗಿ ರೀತಿ ಬದಲಿಸಿದೆ. ತಿರುವಿಗೆ ಮೊದಲೇ, ಸೈಕಲ್ ನೇರ ಇರುವಾಗಲೇ, ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸುವುದು. ತಿರುವಿನಲ್ಲಿ ಪೂರ್ತಿ ಸಡಿಲ. ಹೊರಗಿನ ಕಾಲು ಕೆಳಗೆ, ಕಣ್ಣು ತಿರುವು ಮುಗಿಯುವ ಕಡೆಗೆ. ನೇರಕ್ಕೆ ಬಂದ ಮೇಲೆ ಎದ್ದು ಕೂತು ಎದೆಗೆ ಗಾಳಿ ತೆಗೆದುಕೊಂಡರೆ ಅದೇ ಅರ್ಧ ಬ್ರೇಕು. ನಡುವೆ ಎರಡು ಕಡೆ ನಿಂತು ರಿಮ್ಮು ಆರಿಸುತ್ತೇನೆ. ವೇಗ 30 ದಾಟಿಸುವುದಿಲ್ಲ. 40ರಲ್ಲಿ ಹೋದರೆ ಒಂದು ಸೆಕೆಂಡಿಗೆ 11 ಮೀಟರ್. ದನ ಅಡ್ಡ ಬಂತು ಅಂತ ತಲೆಗೆ ಹೋಗುವಷ್ಟರಲ್ಲಿ ದನ ಮುಗಿದಿರುತ್ತದೆ, ನಾನೂ.

ದೊಡ್ಡ ತಿರುವುಗಳಲ್ಲಿ ಬಸ್ಸು ಲಾರಿಗಳ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗೆ ಕತ್ತರಿಸುತ್ತದೆ. ಎಡ ತಿರುವಿನಲ್ಲಿ ಬಸ್ಸಿನ ಎಡ ಮಗ್ಗುಲಲ್ಲಿ ನಾವಿದ್ದರೆ ಮುಂದಿನ ಚಕ್ರ ದೂರ ಹೋಯಿತು ಅಂತ ಸಮಾಧಾನ ಪಡುವ ಹೊತ್ತಿಗೆ ಹಿಂದಿನದು ನಮ್ಮ ಮೇಲೇ ಬರುತ್ತದೆ. ಘಟ್ಟ ಹತ್ತುವ ಗಾಡಿಗಳೂ ತಿರುಗಲು ನಮ್ಮ ಕಡೆಗೆ ಅಗಲವಾಗಿ ಬರುತ್ತವೆ. ಅದಕ್ಕೆ ದೊಡ್ಡ ಗಾಡಿಯ ಸದ್ದು ಕೇಳಿದರೆ ತಿರುವಿಗೆ ಮೊದಲೇ ನಿಲ್ಲುತ್ತೇನೆ. ಇಲ್ಲಿ ಎರಡು ಮೊಳದ ಲೆಕ್ಕವೂ ಇಲ್ಲ, ಮರ್ಯಾದೆಯ ಲೆಕ್ಕವೂ ಇಲ್ಲ. ಮಳೆಗಾಲದಲ್ಲಿ ಘಟ್ಟಕ್ಕೆ ಹೋಗುವುದೇ ಇಲ್ಲ. ಒದ್ದೆ ರಿಮ್ಮಿಗೆ ಬ್ರೇಕ್ ಹಿಡಿಯುವುದು ಎರಡು ಸುತ್ತು ತಡ, ಬಿಳಿ ಬಣ್ಣದ ಪಟ್ಟೆ ಸೋಪಿನ ಹಾಗೆ. ಗಾಡಿ ಬದಿಗೆ ನಿಲ್ಲಿಸಿದರೆ ರಕ್ತ ಹೀರುವ ಉಂಬಳ ಬೇರೆ.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಟೆ. ದೇವಿಮನೆಯಲ್ಲಿ ಗಾಡಿಯವರೆಲ್ಲ ಮಾಡುವ ಹಾಗೆ ನಿಂತು ಕಾಣಿಕೆ ಹಾಕಿದೆ. ಕತಗಾಲ ದಾಟಿದ ಮೇಲೆ ಗಾಳಿಯೇ ಬೇರೆ, ಮೈ ಅಂಟತೊಡಗಿತು. ದಿವಗಿಯಲ್ಲಿ 66ನೇ ಹೆದ್ದಾರಿ ಸೇರಿದಾಗ ಮತ್ತೊಂದು ಪಾಠ. ಅಗಲ ರಸ್ತೆ ಅಂದರೆ ನಿರಾಳ ಅಂದುಕೊಂಡಿದ್ದೆ. ದೊಡ್ಡ ಲಾರಿ ವೇಗದಲ್ಲಿ ದಾಟುವಾಗ ಗಾಳಿ ಮೊದಲು ಹೊರಗೆ ತಳ್ಳಿ ಆಮೇಲೆ ಒಳಗೆ ಎಳೆಯುತ್ತದೆ. ಬದಿಯಲ್ಲಿ ಎದುರಿನಿಂದಲೇ ಬರುವ ಬೈಕುಗಳು. ಕುಮಟಾದಲ್ಲಿ ಎರಡು ಬನ್ಸು, ಚಹಾ. ಒಂಬತ್ತಕ್ಕೆ ವಾಪಸ್ ತಿರುಗಿಸಿದೆ, ಬಿಸಿಲು ಏರುವ ಮೊದಲು ಘಟ್ಟದ ಬುಡ ಸೇರಬೇಕು.

ಹತ್ತುವುದಕ್ಕೆ ನನ್ನ ಗೇರು ಸಾಕಾಯಿತು. ಮುಂದೆ 28 ಹಲ್ಲು, ಹಿಂದೆಯೂ 28. ಪೆಡಲ್ ಒಂದು ಸುತ್ತು ತುಳಿದರೆ ಚಕ್ರವೂ ಒಂದೇ ಸುತ್ತು, ಎರಡು ಮೀಟರ್ ಚಿಲ್ಲರೆ. ನಿಮಿಷಕ್ಕೆ ಅರವತ್ತು ಸುತ್ತು ಅಂದರೂ ಗಂಟೆಗೆ ಎಂಟು ಕಿಲೋಮೀಟರಿನ ಹತ್ತಿರ. ನಡೆಯುವುದಕ್ಕಿಂತ ಸ್ವಲ್ಪ ಮೇಲು. ಅವಸರ ಮಾಡಲಿಲ್ಲ. ಅರ್ಧ ಗಂಟೆಗೊಮ್ಮೆ ಬಾಳೆಹಣ್ಣೋ ಚಿಕ್ಕಿಯೋ. ಬಾಟಲಿಯಲ್ಲಿ ಮುರುಗಲು ಪಾನಕ, ಉಪ್ಪು ಜಾಸ್ತಿ ಹಾಕಿ. ದೇವಿಮನೆಗೆ ಮತ್ತೆ ಬಂದಾಗ ಗೆದ್ದೆ ಅಂತ ಕುಣಿಯುವ ಹಾಗಾಯಿತು. ಅದೇ ತಪ್ಪು. ಘಟ್ಟ ಹತ್ತಿದರೆ ಮುಗಿಯಿತು ಅಂತ ಪಾನಕ ಖಾಲಿ ಮಾಡಿ, ತಿನ್ನುವುದನ್ನೂ ನಿಲ್ಲಿಸಿದೆ. ಶಿರಸಿಗೆ ಇನ್ನೂ ಅರ್ಧ ದಾರಿ ಇತ್ತು, ಅದೂ ಒಂದೇ ಸಮ ಏರಿಳಿತ. ರಾಗಿಹೊಸಳ್ಳಿ ದಾಟುವ ಹೊತ್ತಿಗೆ ಕೈ ನಡುಗಿ, ಕಣ್ಣು ಮಂಜಾಗಿ, ಮರದ ಬುಡದಲ್ಲಿ ಕೂತುಬಿಟ್ಟೆ. ಚೀಲದ ತಳದಲ್ಲಿ ಆಯಿ ಹೇಳದೆ ಹಾಕಿದ್ದ ಪುಟ್ಟ ಡಬ್ಬಿ, ಜೋನಿಬೆಲ್ಲ. ಬೆರಳಲ್ಲೇ ನೆಕ್ಕಿದೆ. ಕಾಲು ಗಂಟೆಗೆ ಜೀವ ಬಂತು.

ಮನೆ ಮುಟ್ಟಿದಾಗ ಮೂರು ಗಂಟೆ. ಡಬ್ಬಿ ಖಾಲಿ ಆದದ್ದು ನೋಡಿ ಆಯಿ ಏನೂ ಹೇಳಲಿಲ್ಲ.

ಮರುದಿನ ಸಂಜೆ ಡ್ರೈವರ್ ಪೇಟೆಯಲ್ಲಿ ಸಿಕ್ಕ. "ಹೆಗಡೇರೆ, ನಿನ್ನೆ ಬಂಡಲದ ತಿರುವಿನಲ್ಲಿ ಹಾರನ್ ಹೊಡೆದವ ನಾನೇ. ನೀವು ಜಾಗವೇ ಬಿಡಲಿಲ್ಲವಲ್ಲ ಮಾರಾಯ್ರೆ!"

"ತಿರುವು ಮುಗಿದ ಮೇಲೆ ಬಿಟ್ಟೆನಲ್ಲ" ಅಂದೆ.