ಕಾವಿನ ಪೆಟ್ಟಿಗೆಯಲ್ಲಿ ನೀರು ಎಷ್ಟಿಡಬೇಕು?

ನಮ್ಮ ಮನೆ ತೀರ್ಥಹಳ್ಳಿ ಕಡೆ. ಒಂದು ಜುಲೈ ಮಳೆಯಲ್ಲಿ ಥರ್ಮೋಕೋಲ್ ಪೆಟ್ಟಿಗೆಗೆ ಬಲ್ಬು, ಸಣ್ಣ ಫ್ಯಾನ್ ಕೂರಿಸಿ ಮರಿ ಮಾಡಿಸಲು ಹನ್ನೆರಡು ನಾಟಿ ಕೋಳಿ ಮೊಟ್ಟೆ ಇಟ್ಟಿದ್ದೆ. ತೇವ ಬೇಕು ಅಂತ ಕೇಳಿದ್ದೆ, ಅಗಲದ ತಟ್ಟೆ ತುಂಬ ನೀರಿಟ್ಟೆ. ಬಂದಿದ್ದು ಮೂರೇ ಮರಿ. ಎರಡು ದಿನ ಕಾದು ಉಳಿದವನ್ನು ಒಡೆದು ನೋಡಿದೆ. ಪೂರ್ತಿ ಬೆಳೆದ ಮರಿಗಳು. ಮೈ ಊದಿಕೊಂಡು ಚಿಪ್ಪಿನ ತುಂಬ ಬಿಗಿದಿವೆ, ಸುತ್ತ ಅಂಟು ನೀರು. ಈಗಲೂ ನೆನೆದರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಮೊದಲ 18 ದಿನದಲ್ಲಿ ಮೊಟ್ಟೆ ತನ್ನ ತೂಕದ ಶೇ. 12–13ರಷ್ಟು ಕಳೆದುಕೊಳ್ಳಬೇಕು. ಅಷ್ಟು ನೀರು ಚಿಪ್ಪಿನ ಸಣ್ಣ ಸಣ್ಣ ರಂಧ್ರಗಳಿಂದ ಆರಿಹೋಗುತ್ತದೆ, ದಪ್ಪ ತುದಿಯಲ್ಲಿ ಗಾಳಿಗೂಡು ದೊಡ್ಡದಾಗುತ್ತದೆ. ಮರಿ ಮೊದಲ ಉಸಿರು ಎಳೆಯುವುದು ಅಲ್ಲೇ. ನಾನು ನೀರು ಜಾಸ್ತಿ ಇಟ್ಟು ಆ ಜಾಗವನ್ನೇ ಇಲ್ಲದಂತೆ ಮಾಡಿದ್ದೆ.

ಹಾಗಾಗಿ ಗಾಳಿಯ ತೇವ ಅಳೆಯುವ ಮೀಟರ್ ಇರಲಿ, ಜೊತೆಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯೂ ಇರಲಿ. ನನ್ನ ಹನ್ನೆರಡು ಮೊಟ್ಟೆ ಒಟ್ಟಿಗೆ 540 ಗ್ರಾಂ ಅಂದುಕೊಳ್ಳಿ. 7ನೇ ದಿನಕ್ಕೆ 515ರ ಆಸುಪಾಸು, 18ನೇ ದಿನಕ್ಕೆ 475ರ ಹತ್ತಿರ ಬರಬೇಕು. ತೂಕ ಇಳಿಯುತ್ತಿಲ್ಲವಾದರೆ ನೀರು ಕಡಿಮೆ ಮಾಡಿ, ಬೇಗ ಇಳಿದರೆ ಹೆಚ್ಚಿಸಿ. ನಡುವೆ ಕೆಟ್ಟ ಮೊಟ್ಟೆ ತೆಗೆದರೆ ಲೆಕ್ಕದಿಂದ ಅದರ ಮೊದಲ ದಿನದ ತೂಕವನ್ನೂ ಕಳೆಯಬೇಕು. ಅದಕ್ಕೇ ಶುರುವಿನಲ್ಲಿ ಒಂದೊಂದನ್ನೂ ತೂಗಿ, ಪೆನ್ಸಿಲ್‌ನಲ್ಲಿ ಚಿಪ್ಪಿನ ಮೇಲೆ ಬರೆದಿಡಿ.

ಅಗ್ಗದ ಮೀಟರ್ ಸುಳ್ಳು ಹೇಳುತ್ತದೆ, ಮೊದಲು ಹೀಗೆ ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪಿಗೆ ನಾಲ್ಕು ಹನಿ ನೀರು ಹಾಕಿ. ಉಪ್ಪು ಕರಗಬಾರದು, ಒದ್ದೆ ಮರಳಿನಂತಿರಬೇಕು. ಮೀಟರ್ ಜೊತೆ ಜಿಪ್ ಕವರ್‌ನಲ್ಲಿ ಗಾಳಿಯಾಡದಂತೆ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಶೇ. 75 ತೋರಿಸಬೇಕು. ನನ್ನದು 68 ತೋರಿಸಿತು, ಅಂದಿನಿಂದ 7 ಕೂಡಿಸಿಯೇ ಓದುತ್ತೇನೆ.

ಮೊದಲ 18 ದಿನ ಪೆಟ್ಟಿಗೆಯೊಳಗೆ ತೇವ ಶೇ. 45ರಿಂದ 55 ಸಾಕು. ನಮ್ಮ ಮಳೆಗಾಲದ ಗಾಳಿ ಎಷ್ಟೇ ಹಸಿಯಾಗಿರಲಿ, 37.5 ಡಿಗ್ರಿಗೆ ಕಾದ ಮೇಲೆ ಅದರ ತೇವ 40ರ ಹತ್ತಿರಕ್ಕೆ ಇಳಿಯುತ್ತದೆ. ಅದಕ್ಕೆ ಒಂದು ಪುಟ್ಟ ಬಟ್ಟಲು ನೀರಿಟ್ಟರೆ ಸಾಕು. ಹಿರಿಯೂರಿನ ಅಕ್ಕನ ಮನೆಯಲ್ಲಿ ಮಾರ್ಚ್ ತಿಂಗಳಲ್ಲಿ ಇಟ್ಟಾಗ ನೀರಿಲ್ಲದೆ 20 ಕೂಡ ದಾಟಲಿಲ್ಲ. ಅಲ್ಲಿ ತಟ್ಟೆಯೂ ಬೇಕು, ನೀರಲ್ಲಿ ನಿಲ್ಲಿಸಿದ ಸ್ಪಂಜೂ ಬೇಕು. ಒಂದು ಮಾತು: ನೀರಿನ ಆಳದಿಂದ ಏನೂ ಆಗದು, ಅಗಲ ಮುಖ್ಯ. ತೇವ ಉಳಿಸಲು ಗಾಳಿ ತೂತುಗಳನ್ನು ಮಾತ್ರ ಮುಚ್ಚಬೇಡಿ. ಒಳಗಿನ ಮರಿಗೂ ಉಸಿರು ಬೇಕಲ್ವಾ?

18ನೇ ದಿನ ಮೊಟ್ಟೆ ಹೊರಳಿಸುವುದು ನಿಲ್ಲಿಸಿ, ತೇವ 65–70ಕ್ಕೆ ಏರಿಸಿ. ಆಮೇಲೆ ಮುಚ್ಚಳ ತೆಗೆಯಬೇಡಿ. ಬೆಚ್ಚಗಿನ ನೀರನ್ನು ತೂತಿನಿಂದ ಸಣ್ಣ ಪೈಪಿನಲ್ಲಿ ಬಿಡಿ. ಮರಿ ಚಿಪ್ಪು ಕುಕ್ಕಿದ ಮೇಲೆ ಒಣಗಾಳಿ ತಾಗಿದರೆ ಒಳಪೊರೆ ಕಾಗದದಂತೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ, ಅದು ತಿರುಗಲಾರದು. ಕುಕ್ಕಿ ಹನ್ನೆರಡು ಗಂಟೆಯಾದರೂ ಹೊರಗೆ ಬರದಿದ್ದರೆ ಗಾಬರಿ ಬೇಡ, ಕೆಲವು ಪೂರ್ತಿ ಒಂದು ದಿನ ತೆಗೆದುಕೊಳ್ಳುತ್ತವೆ. ಮೊದಲ ಮರಿ ಒದ್ದೆ ಮೈಯಲ್ಲಿ ಹೊರಬಿದ್ದರೆ ಮೀಟರ್ ತಾನಾಗಿಯೇ ಏರುತ್ತದೆ. ಆಗ ಏನೂ ಮಾಡಬೇಡಿ. ಹೊಟ್ಟೆಯೊಳಗೆ ಮೊಟ್ಟೆಯ ಹಳದಿ ಭಾಗ ಉಳಿದಿರುವುದರಿಂದ ಮರಿಗಳು ಒಂದು ದಿನ ಕಾಳು, ನೀರು ಇಲ್ಲದೆಯೂ ಇರುತ್ತವೆ. ಪುಕ್ಕ ಆರಿ ಉಬ್ಬಿದ ಮೇಲೆ ಎತ್ತಿಕೊಳ್ಳಿ.