ಒಂಟಾರಿಯೊದಲ್ಲಿ ಕಾರು ಮೆಕ್ಯಾನಿಕ್ ಆಗುವ ದಾರಿ: ಕಾಸರಗೋಡಿನ ಹುಡುಗರಿಗೆ

ಊರಿಂದ ಆಗಾಗ ಫೋನ್ ಬರುತ್ತದೆ, ಬದಿಯಡ್ಕದಿಂದಲೋ ಪೆರ್ಲದಿಂದಲೋ. "ಅಣ್ಣಾ, ಐಟಿಐ ಆಗಿದೆ, ಮೂರು ವರ್ಷ ಗ್ಯಾರೇಜಲ್ಲಿ ಕೆಲಸ ಮಾಡಿದ್ದೇನೆ, ಕೆನಡಾದಲ್ಲಿ ಯಾವ ಕಾಲೇಜಿಗೆ ಸೇರಿದರೆ ಮೆಕ್ಯಾನಿಕ್ ಲೈಸೆನ್ಸ್ ಸಿಗ್ತದೆ?" ಇಲ್ಲಿಗೆ ಬಂದು ಬ್ರಾಂಪ್ಟನ್‌ನಲ್ಲಿ ರೂಮು ಮಾಡಿಕೊಂಡಿರುವ ನಮ್ಮವರೂ ಇದನ್ನೇ ಕೇಳುತ್ತಾರೆ. ಮೊದಲು ಗ್ಯಾರೇಜು ಹುಡುಕಿ ಅಂತ ಎಲ್ಲರಿಗೂ ಹೇಳುತ್ತೇನೆ. ಕೆನಡಾದ ಈ ಒಂಟಾರಿಯೊ ಪ್ರಾಂತ್ಯದಲ್ಲಿ ದಾರಿ ಶುರುವಾಗುವುದೇ ಅಲ್ಲಿಂದ.

ಇಲ್ಲಿ ಈ ಕೆಲಸದ ಹೆಸರು ಆಟೋಮೋಟಿವ್ ಸರ್ವಿಸ್ ಟೆಕ್ನಿಷಿಯನ್. ಸರಕಾರಿ ಸಂಕೇತ 310ಎಸ್, ಗ್ಯಾರೇಜಿನವರೆಲ್ಲ ಹಾಗೇ ಕರೆಯುತ್ತಾರೆ. ಇದು ಕಡ್ಡಾಯ ಲೈಸೆನ್ಸಿನ ಕೆಲಸ. ಅಂದರೆ ಲೈಸೆನ್ಸ್ ಇರಬೇಕು, ಇಲ್ಲವೇ ಅಪ್ರೆಂಟಿಸ್, ಅಂದರೆ ಕೆಲಸ ಮಾಡುತ್ತಾ ಕಲಿಯುವವರು, ಅಂತ ಹೆಸರು ನೋಂದಾಯಿಸಿರಬೇಕು. ಊರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಸುಮ್ನೆ ಮೇಸ್ತ್ರಿಯ ಜೊತೆ ಸೇರಿಕೊಂಡ ಹಾಗೆ ಇಲ್ಲಿ ಆಗುವುದಿಲ್ಲ.

ನೋಂದಣಿ ಮಾಡುವುದು ಸ್ಕಿಲ್ಡ್ ಟ್ರೇಡ್ಸ್ ಒಂಟಾರಿಯೊ ಎಂಬ ಸಂಸ್ಥೆ, 2022ರಿಂದ ಈ ಜವಾಬ್ದಾರಿ ಅದರದು. ನಿಮ್ಮನ್ನು ಕೆಲಸಕ್ಕಿಟ್ಟುಕೊಂಡು ಕಲಿಸಲು ಒಪ್ಪುವ ಗ್ಯಾರೇಜು ಬೇಕು, ಅದಕ್ಕೆ ಸ್ಪಾನ್ಸರ್ ಅನ್ನುತ್ತಾರೆ. ಅವರೂ ನೀವೂ ತರಬೇತಿ ಒಪ್ಪಂದಕ್ಕೆ ಸಹಿ ಹಾಕಬೇಕು. ಕೆನಡಾದಲ್ಲಿ ಕೆಲಸ ಮಾಡುವ ಪರವಾನಗಿ ನಿಮ್ಮ ಕೈಯಲ್ಲಿ ಇರಲೇಬೇಕು. ತರಬೇತಿ ಒಟ್ಟು 7,220 ಗಂಟೆ. ಅದರಲ್ಲಿ 6,500 ಗಂಟೆ ಸಂಬಳ ತೆಗೆದುಕೊಂಡು ಗ್ಯಾರೇಜಲ್ಲಿ, ಬರೀ 720 ಗಂಟೆ ತರಗತಿಯಲ್ಲಿ. ತರಗತಿ ಮೂರು ಹಂತದಲ್ಲಿ ಬರುತ್ತದೆ, ಒಂದೊಂದು 240 ಗಂಟೆ, ಒಟ್ಟಿಗೆ ಕೂತರೆ ಎಂಟು ವಾರ. ಪಿಆರ್ (ಇಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಇದ್ದವರಿಗೆ ಒಂದೊಂದು ಹಂತಕ್ಕೂ 4,000 ಡಾಲರ್‌ವರೆಗೆ ಬಡ್ಡಿಯಿಲ್ಲದ ಅಪ್ರೆಂಟಿಸ್ ಸಾಲ ಸಿಗುತ್ತದೆ. ಸ್ಪ್ಯಾನರ್, ಸಾಕೆಟ್ ಸೆಟ್ಟುಗಳನ್ನು ನೀವೇ ಕೊಳ್ಳಬೇಕು, ಒಂದೇ ಸಲ ದೊಡ್ಡ ಪೆಟ್ಟಿಗೆ ತರಲು ಹೋಗಬೇಡಿ.

ಏಜೆಂಟರು ಹೇಳುವ ಎರಡು ವರ್ಷದ ಡಿಪ್ಲೊಮಾ ಬೇರೆಯೇ ವಿಷಯ. ಅದು ಕೆಟ್ಟದ್ದೇನಲ್ಲ, ತರಗತಿಯ ಕೆಲವು ಹಂತಗಳಿಗೆ ವಿನಾಯಿತಿ ಸಿಗಬಹುದು. ಆದರೆ ಅದನ್ನೇ ಲೈಸೆನ್ಸ್ ಅಂದುಕೊಂಡು ಅಪ್ಪನ ಅಡಿಕೆ ತೋಟದ ಮೇಲೆ ಸಾಲ ಮಾಡಿ ಬಂದ ಹುಡುಗರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಎಲ್ಲಕ್ಕಿಂತ ಜಾಸ್ತಿ ಜೋಪಾನ ಮಾಡಬೇಕಾದದ್ದು ಲಾಗ್ ಬುಕ್. ಬ್ರೇಕು, ಸ್ಟೀರಿಂಗು, ಎಂಜಿನ್ನು, ವೈರಿಂಗು ಅಂತ ಒಂದೊಂದು ಕೆಲಸ ಕಲಿತ ಹಾಗೆ ಅದರಲ್ಲಿ ಕಲಿಸಿದವರ ಸಹಿ ಬೀಳಬೇಕು. ನನ್ನ ಮೊದಲ ಗ್ಯಾರೇಜಿನ ಧಣಿ "ಆಮೇಲೆ ಹಾಕೋಣ" ಅನ್ನುತ್ತಾ ಹತ್ತು ತಿಂಗಳು ತಳ್ಳಿದರು. ನಾನೂ ಸಂಕೋಚದಿಂದ ಕೇಳಲಿಲ್ಲ. ಕೆಲಸ ಬಿಟ್ಟ ಮೇಲೆ ಆ ಗಂಟೆಗಳನ್ನು ಹಿಡಿಯಲು ನಾಯಿಪಾಡು ಪಟ್ಟೆ. ನೀವು ಪ್ರತಿ ಶುಕ್ರವಾರ ಪುಸ್ತಕ ಎದುರಿಗಿಟ್ಟು ಸಹಿ ಕೇಳಿ. ಗ್ಯಾರೇಜು ಬದಲಾಯಿಸಿದರೆ ನೋಂದಣಿಯಲ್ಲಿ ಸ್ಪಾನ್ಸರ್ ಹೆಸರನ್ನು ಕೂಡಲೇ ಬದಲಿಸಿ.

ಕೆಲಸದಲ್ಲಿ ನಮಗೆ ಹೊಸದು ತುಕ್ಕು. ಕುಂಬಳೆಯಲ್ಲಿ ಮೀನಿನ ಲಾರಿಯ ಚಾಸಿ ನೋಡಿದವರಿಗೆ ಅಂದಾಜಾಗುತ್ತದೆ, ಉಪ್ಪುನೀರು ಸೋರಿ ಸೋರಿ ಕಬ್ಬಿಣ ಹಪ್ಪಳದ ಹಾಗೆ ಏಳುತ್ತದಲ್ವಾ? ಇಲ್ಲಿ ಚಳಿಗಾಲದಲ್ಲಿ ರಸ್ತೆಗೇ ಉಪ್ಪು ಸುರಿಯುತ್ತಾರೆ, ಹಾಗಾಗಿ ಕಾರುಗಳ ತಳವೆಲ್ಲ ಅದೇ ಸ್ಥಿತಿ. ಬೋಲ್ಟು ಹಟ ಹಿಡಿದರೆ ಊರಿನ ಹಾಗೆ ಪೈಪು ಸಿಕ್ಕಿಸಿ ಜಗ್ಗಬೇಡಿ, ತಲೆ ಮುರಿದು ಕೈಗೆ ಬರುತ್ತದೆ. ಎಣ್ಣೆ ಹಾಕಿ, ಇಲ್ಲವೇ ಕಾಯಿಸಿ, ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಚಕ್ರದ ನಟ್ಟನ್ನು ಕಾಲಲ್ಲಿ ತುಳಿದು ಬಿಗಿ ಮಾಡುವ ಅಭ್ಯಾಸವನ್ನೂ ಬಿಡಬೇಕು. ಬಿಗಿತ ಅಳೆಯುವ ಟಾರ್ಕ್ ರೆಂಚ್ ಟಕ್ ಅಂದಲ್ಲಿಗೆ ನಿಲ್ಲಿಸಬೇಕು.

ಗಂಟೆಯೂ ತರಗತಿಯೂ ಮುಗಿದ ಮೇಲೆ ಪರೀಕ್ಷೆ. ಎಲ್ಲ ಬಹುಆಯ್ಕೆ ಪ್ರಶ್ನೆಗಳೇ, 70 ಶೇಕಡಾ ಬಂದರೆ ಪಾಸು. ಜೊತೆಗೆ ಕೆನಡಾದ ಬೇರೆ ಪ್ರಾಂತ್ಯಗಳೂ ಒಪ್ಪುವ ರೆಡ್ ಸೀಲ್ ಮುದ್ರೆ ಸಿಗುತ್ತದೆ, ಆಮೇಲೆ ಆಲ್ಬರ್ಟಾ ಪ್ರಾಂತ್ಯಕ್ಕೆ ಹೋದರೂ ಮತ್ತೆ ಪರೀಕ್ಷೆ ಬರೆಯಬೇಕಾಗಿಲ್ಲ. ಕನ್ನಡ ಮೀಡಿಯಂನಲ್ಲಿ ಓದಿದವರು ಹೆದರಬೇಡಿ. ಕೆಲಸದ ಇಂಗ್ಲಿಷ್ ಗ್ಯಾರೇಜಲ್ಲೇ ಬರುತ್ತದೆ. ಮಲಯಾಳ, ತುಳು ಹಾಗೇ ಕಲಿತವರಲ್ವಾ ನಾವು?

ಊರಲ್ಲೇ ಹಲವು ವರ್ಷ ದುಡಿದವರಿಗೆ ಇನ್ನೊಂದು ದಾರಿ ಇದೆ. ಹಳೆಯ ಅನುಭವ ಅಪ್ರೆಂಟಿಸ್ ತರಬೇತಿಗೆ ಸಮ ಅಂತ ದಾಖಲೆ ತೋರಿಸಿ ಒಪ್ಪಿಸಿದರೆ ನೇರವಾಗಿ ಪರೀಕ್ಷೆಗೆ ಕೂರಬಹುದು. ಅದಕ್ಕೆ ಮೇಸ್ತ್ರಿಯವರ ಪತ್ರ ಬೇಕು: ಯಾವ ದಿನದಿಂದ ಯಾವ ದಿನದವರೆಗೆ, ಏನೇನು ಕೆಲಸ, ಎಷ್ಟು ಗಂಟೆ. ಮಲಯಾಳದಲ್ಲೋ ಕನ್ನಡದಲ್ಲೋ ಬರೆದುಕೊಟ್ಟರೆ ಇಂಗ್ಲಿಷಿಗೆ ಅನುವಾದ ಮಾಡಿಸಬೇಕು. ಅದನ್ನು ಊರು ಬಿಡುವ ಮೊದಲೇ ಮಾಡಿಸಿಕೊಳ್ಳಿ. ಈಗಾಗಲೇ ಬಂದಿದ್ದರೆ ಇವತ್ತೇ ಫೋನ್ ಮಾಡಿ. ನಾನು ಪತ್ರ ಕೇಳುವ ಹೊತ್ತಿಗೆ ನಮ್ಮ ಮೇಸ್ತ್ರಿ ಶೆಡ್ ಮುಚ್ಚಿ ಗಲ್ಫಿಗೆ ಹೋಗಿದ್ದರು. ಐದು ವರ್ಷ ಗ್ರೀಸ್ ಮೆತ್ತಿಕೊಂಡು ದುಡಿದದ್ದಕ್ಕೆ ಒಂದು ಕಾಗದವೂ ಇರಲಿಲ್ಲ. 6,500 ಗಂಟೆಯನ್ನೂ ನಾನು ಸೊನ್ನೆಯಿಂದಲೇ ಎಣಿಸಿದೆ.