ಕಾಯಿಲೆಯವರನ್ನು ಠಾಣೆಯಲ್ಲಿ ಕೂರಿಸಿಕೊಂಡಾಗ ದೂರು ಬರೆಯುವ ಬಗೆ

ಸಕ್ಕರೆ ಕಾಯಿಲೆ, ಹೃದ್ರೋಗ, ಡಯಾಲಿಸಿಸ್ ಇರುವವರನ್ನು ‘ಸ್ವಲ್ಪ ವಿಚಾರಣೆ ಇದೆ ಬನ್ನಿ’ ಎಂದು ಕರೆದೊಯ್ದು ಎರಡು ದಿನ ಕೂರಿಸಿಕೊಂಡ ಪ್ರಕರಣಗಳಲ್ಲಿ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಸಲ್ಲಿಸುವ ದೂರುಗಳನ್ನು ಬರೆದುಕೊಡುತ್ತೇನೆ. ಇಂಥ ದೂರು ಬಿದ್ದುಹೋಗುವುದು ಹೆಚ್ಚಾಗಿ ಹೊತ್ತು ಬರೆದಿಡದ ಕಾರಣಕ್ಕೆ. ಪೊಲೀಸರು ಬಂಧನದ ಸಮಯ ದಾಖಲಿಸುವ ಅರೆಸ್ಟ್ ಮೆಮೊದಲ್ಲಿ ಎರಡನೇ ದಿನದ ಸಂಜೆಯ ಸಮಯ ಇರುತ್ತದೆ. ಬಂಧಿತರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಸಂವಿಧಾನದ 22ನೇ ವಿಧಿ ಕೊಡುವ 24 ಗಂಟೆಯನ್ನು ನಾನು ಎಣಿಸುವುದು ಮನೆಯಿಂದ ಕರೆದೊಯ್ದ ಗಳಿಗೆಯಿಂದ. ಅದಕ್ಕೆ ಆಧಾರ ಬೇಕಲ್ಲ? ಎದುರಿನ ಅಂಗಡಿಯ ಕ್ಯಾಮೆರಾ ದೃಶ್ಯ ಕೆಲವೇ ದಿನಗಳಲ್ಲಿ ಅಳಿದುಹೋಗುತ್ತದೆ. ಮೊದಲು ಅದನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಠಾಣೆಯ ದೃಶ್ಯವನ್ನು 18 ತಿಂಗಳು ಇಡಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅದನ್ನು ತರಿಸಿಕೊಳ್ಳಿ ಎಂದು ದಿನಾಂಕ ಸಮೇತ ದೂರಿನಲ್ಲೇ ಕೇಳಬೇಕು.

ವ್ಯಕ್ತಿ ಇನ್ನೂ ಒಳಗಿದ್ದರೆ ಆಯೋಗಕ್ಕೆ ಕಾಯುವುದು ತಪ್ಪು. ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತರಿಸಿ ಎಂದು ಕೋರಿ ಹೈಕೋರ್ಟಿನಲ್ಲಿ ಹಾಕುವ ಹೇಬಿಯಸ್ ಕಾರ್ಪಸ್ ಅರ್ಜಿಯೇ ದಾರಿ. ವಕೀಲರಿಲ್ಲದಿದ್ದರೆ ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಬಂಧನದಲ್ಲಿರುವವರಿಗೆ ಆದಾಯ ಎಷ್ಟಿದ್ದರೂ ಉಚಿತ ನೆರವಿನ ಹಕ್ಕಿದೆ. ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದ ಕೂಡಲೇ ಕಾಯಿಲೆಯನ್ನೂ ಹಿಡಿದೊಯ್ದ ಸಮಯವನ್ನೂ ಬಾಯಿಬಿಟ್ಟು ಹೇಳಿಸಿ, ಆದೇಶದಲ್ಲಿ ಬರೆಯುವಂತೆ ಕೇಳಿಕೊಳ್ಳಿ.

‘ನಮ್ಮ ತಂದೆಗೆ ಶುಗರ್ ಇದೆ, ತುಂಬಾ ಹಿಂಸೆ ಕೊಟ್ಟರು’ ಎಂದರೆ ಕಡತ ಮುಂದಕ್ಕೆ ಹೋಗದು. ನಾನು ಬರೆಯುವುದು ಹೀಗೆ: ‘ರಾತ್ರಿ 8ಕ್ಕೆ 14 ಯೂನಿಟ್ ಇನ್ಸುಲಿನ್ ಹಾಕಬೇಕಿತ್ತು. 8.20ಕ್ಕೆ ಮಗಳು ಔಷಧಿ, ವೈದ್ಯರ ಚೀಟಿ ತಂದಳು. ಸೆಂಟ್ರಿ ಒಳಗೆ ಬಿಡಲಿಲ್ಲ. 9.05ಕ್ಕೆ 112ಕ್ಕೆ ಕರೆ ಮಾಡಿದಳು.’ ಕಾಯಿಲೆ ಇತ್ತು ಎನ್ನುವುದಕ್ಕಿಂತ, ಠಾಣೆಗೆ ಅದು ಗೊತ್ತಿತ್ತು ಎಂದು ತೋರಿಸುವುದು ಮುಖ್ಯ. ಜೊತೆಗೆ ಹಳೆಯ ಡಿಸ್ಚಾರ್ಜ್ ಸಮರಿ, ಬಿಡುಗಡೆಯಾದ ದಿನವೇ ಸರ್ಕಾರಿ ಆಸ್ಪತ್ರೆಯಲ್ಲಿ ಮಾಡಿಸಿದ ತಪಾಸಣೆಯ ಚೀಟಿ ಇರಲಿ. ಬಂಧನದ ನಂತರದ ವೈದ್ಯಕೀಯ ವರದಿಯ ಪ್ರತಿ ಕೇಳುವುದು ಬಂಧಿತರ ಹಕ್ಕು.

ಬಹಳ ಜನ ಬಿಟ್ಟುಬಿಡುವ ಅಂಶವೊಂದಿದೆ. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕೆ, ಅಶಕ್ತರನ್ನು ಅಥವಾ 60 ದಾಟಿದವರನ್ನು ಡಿವೈಎಸ್ಪಿ ದರ್ಜೆಯ ಅಧಿಕಾರಿಯ ಅನುಮತಿಯಿಲ್ಲದೆ ಬಂಧಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(7)ನೇ ಕಲಮು ಇದು. ಬೆಂಗಳೂರು ನಗರದಲ್ಲಿ ಆ ದರ್ಜೆ ಎಂದರೆ ಎಸಿಪಿ. ಅನುಮತಿ ಪತ್ರದ ಪ್ರತಿ ತರಿಸಬೇಕೆಂದು ಕೋರಿ.

ರಾಜ್ಯ ಮಾನವ ಹಕ್ಕುಗಳ ಆಯೋಗ ಅಂಬೇಡ್ಕರ್ ವೀದಿಯ ಬಹುಮಹಡಿ ಕಟ್ಟಡದಲ್ಲಿದೆ. ಶುಲ್ಕವಿಲ್ಲ, ಕನ್ನಡದಲ್ಲೇ ಬರೆಯಬಹುದು. ಘಟನೆ ನಡೆದು ಒಂದು ವರ್ಷ ದಾಟಿದರೆ ವಿಚಾರಣೆಗೆ ತೆಗೆದುಕೊಳ್ಳುವುದಿಲ್ಲ. ಅದೇ ವಿಷಯ ಕೋರ್ಟಿನಲ್ಲಿದ್ದರೆ ಆಯೋಗ ಕೈಬಿಡುತ್ತದೆ, ಹಾಗಾಗಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದ್ದರೆ ಮುಚ್ಚಿಡಬೇಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಹೊರಡಿ.

ಆಮೇಲೆ ಆಯೋಗದವರು ಪೊಲೀಸರ ವರದಿಯನ್ನು ಕಳಿಸಿ ನಿಮ್ಮ ಅಭಿಪ್ರಾಯ ಕೇಳುತ್ತಾರೆ. ಅಲ್ಲಿ ‘ಸ್ವಇಚ್ಛೆಯಿಂದ ಬಂದಿದ್ದರು’ ಎಂಬ ಸಾಲು ಇದ್ದೇ ಇರುತ್ತದೆ. ವಿಚಾರಣೆಗೆ ಹಾಜರಾಗಿ ಎಂದು ಪೊಲೀಸರು ಕೊಡುವ, ಅದೇ ಸಂಹಿತೆಯ 35(3)ರ ನೋಟಿಸ್ ಎಲ್ಲಿ, ಅದಕ್ಕೆ ಸಹಿ ಯಾರದು ಎಂದು ಕೇಳಿ ಉತ್ತರ ಬರೆಯಿರಿ. ಬಾಡಿಗೆ ಮನೆ ಬದಲಿಸಿದ್ದರೆ ಹೊಸ ವಿಳಾಸ ಮೊದಲೇ ತಿಳಿಸಿರಿ; ಪತ್ರ ಹಳೆಯ ಮನೆಗೆ ಹೋಗಿ, ಉತ್ತರವಿಲ್ಲವೆಂದು ಕಡತ ಮುಕ್ತಾಯವಾಗುತ್ತದೆ.